ತಾಲ್ಲೂಕು ಕಚೇರಿಯಿಂದ ಅರಬ್ಬಿಗೆ: ದಿನಬಳಕೆಯ ಪದಗಳನ್ನು ಬಿಡಿಸುವ ಬಗೆ

ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟವರು, ಅಲ್ಲಿರುವ ಮಗಳ ಮನೆಗೆ ಮೂರು ತಿಂಗಳು ಹೋಗಿ ಬಂದವರು, ಎಲ್ಲರೂ ಕೇಳುವುದು ಒಂದನ್ನೇ. "ಇನ್‌ಶಾ ಅಲ್ಲಾ, ಮಾಶಾ ಅಲ್ಲಾ, ಯಲ್ಲಾ, ಖಲಾಸ್, ಹಬೀಬಿ ಅಂತ ದಿನವಿಡೀ ಕಿವಿಗೆ ಬೀಳುತ್ತಿರುತ್ತದೆ. ಇವುಗಳ ಅರ್ಥ ಏನು? ನಾವೂ ಹೇಳಬಹುದಾ?" ಐವತ್ತು ಪದಗಳ ಪಟ್ಟಿ ಕೊಡುವುದು ಸುಲಭ. ಆದರೆ ವಿಮಾನ ಇಳಿಯುವಷ್ಟರಲ್ಲಿ ಅದು ಮರೆತುಹೋಗಿರುತ್ತದೆ. ಹಾಗಾಗಿ ಪದವನ್ನು ಬಿಡಿಸಿ ನೋಡುವ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ.

ಕನ್ನಡಿಗರಿಗೆ ಇದರಲ್ಲಿ ಒಂದು ಅನುಕೂಲವಿದೆ. ಅರ್ಜಿ, ತಾಲ್ಲೂಕು, ಜಿಲ್ಲೆ, ಹಾಜರಿ, ಬಾಕಿ, ವಸೂಲಿ, ಕಿಸ್ತು, ವಕೀಲ, ಇವೆಲ್ಲ ಮೂಲದಲ್ಲಿ ಅರಬ್ಬಿ ಪದಗಳು. ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಅರಬ್ಬಿಯ ಪರಿಚಯ ಆಗಲೇ ಆಗಿದೆ. ತೊಂದರೆಯೂ ಅಲ್ಲೇ ಇದೆ. ಪದ ನಮ್ಮ ಊರಿಗೆ ಬಂದು ಸೇರಿಕೊಂಡ ಮೇಲೆ ಅದರ ಅರ್ಥ ಎಷ್ಟೋ ಕಡೆ ಜಾರಿದೆ. ಮುಖ ಗುರುತು ಹಿಡಿಯಲು ಕನ್ನಡವನ್ನು ನಂಬಿ, ಅರ್ಥಕ್ಕೆ ನಂಬಬೇಡಿ.

ಇದಕ್ಕೆ ಬೇಕಾದದ್ದು ಒಂದು ಸಣ್ಣ ನೋಟ್‌ಬುಕ್ಕು ಮತ್ತು ಧಾತುಗಳ ಕ್ರಮದಲ್ಲಿ ಜೋಡಿಸಿದ ಒಂದು ಅರಬ್ಬಿ ನಿಘಂಟು. ಮೊಬೈಲಿನಲ್ಲಿರುವುದೂ ಆಗುತ್ತದೆ. ಲಿಪಿ ಬಂದರೆ ಒಳ್ಳೆಯದು, ಬಾರದಿದ್ದರೂ ಶುರುಮಾಡಬಹುದು.

ಹಂತ 1: ಒಳಗಿರುವ ಮೂರು ಅಕ್ಷರ ಹುಡುಕಿ

ಅರಬ್ಬಿಯ ಬಹುಪಾಲು ಪದಗಳ ಬುಡದಲ್ಲಿ ಮೂರು ವ್ಯಂಜನಗಳಿರುತ್ತವೆ. ಅದನ್ನೇ ಧಾತು ಅನ್ನೋಣ. ಸ್ವರಗಳು ಬದಲಾಗುತ್ತವೆ, ಹಿಂದೆ ಮುಂದೆ ಅಕ್ಷರಗಳು ಅಂಟಿಕೊಳ್ಳುತ್ತವೆ, ಆ ಮೂರು ಮಾತ್ರ ಸಾಲು ತಪ್ಪದೆ ನಿಂತಿರುತ್ತವೆ. ಪಾಠದ ಪುಸ್ತಕಗಳೆಲ್ಲ ಕೊಡುವ ಉದಾಹರಣೆ ಕ್-ತ್-ಬ್, ಅಂದರೆ ಬರವಣಿಗೆ. ಕಿತಾಬ್ ಪುಸ್ತಕ, ಕಾತಿಬ್ ಬರೆಯುವವನು, ಮಕ್ತಬ್ ಕಚೇರಿ, ಮಕ್ತಬಾ ಗ್ರಂಥಾಲಯ ಅಥವಾ ಪುಸ್ತಕದಂಗಡಿ.

ನಮಗೆ ಇದಕ್ಕಿಂತ ಹತ್ತಿರದ ಧಾತು ಐನ್-ಮ್-ಲ್. 'ಐನ್' ಗಂಟಲಿನ ಆಳದಿಂದ ಬರುವ ವ್ಯಂಜನ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ, ಬರೀ ಸ್ವರವಾಗಿ ಉಳಿಯುತ್ತದೆ. ಅಮಲ್ ಎಂದರೆ ಕೆಲಸ. ನಮ್ಮಲ್ಲಿ ಕಾನೂನು ಅಮಲಿಗೆ ಬರುತ್ತದೆ. ಹಳೇ ಮೈಸೂರಿನಲ್ಲಿ ಅಮಲ್ದಾರರಿದ್ದರು, ಧಾರವಾಡ ಬೆಳಗಾವಿ ಕಡೆ ಮಾಮಲೇದಾರರು. ಕುಡಿದವನ ತಲೆಗೇರುವುದೂ ಅಮಲೇ. ಎಂದಿನಂತೆ ನಡೆದುಬಂದದ್ದು ಮಾಮೂಲು. ಇನ್ನು ದುಬೈಗೋ ದೋಹಾಕ್ಕೋ ಹೋಗಿ ನೋಡಿ: ಆಮಿಲ್ ಎಂದರೆ ಕೂಲಿ ಕೆಲಸಗಾರ, ಮುಆಮಲಾ ಎಂದರೆ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಸಾಗುವ ನಿಮ್ಮ ಕಾಗದಪತ್ರ, ಉಮ್ಲಾ ಎಂದರೆ ಚಲಾವಣೆಯ ನಾಣ್ಯ, ಅಮಲಿಯ್ಯಾ ಎಂದರೆ ಆಸ್ಪತ್ರೆಯಲ್ಲಿ ಮಾಡುವ ಆಪರೇಷನ್ನು. ಮಾಮೂಲ್ ಅಂತೂ ಖರ್ಜೂರ ತುಂಬಿದ ಹಬ್ಬದ ತಿಂಡಿ. ನಮ್ಮ ಕಚೇರಿಗಳಲ್ಲಿ ಮಾಮೂಲು ಕೊಡುವುದಕ್ಕೂ ಅಲ್ಲಿ ಮಾಮೂಲು ಕೊಡುವುದಕ್ಕೂ ಇರುವ ದೂರ ಅಷ್ಟಿಷ್ಟಲ್ಲ!

ಇದೇ ರೀತಿ ಜ್-ಮ್-ಐನ್, ಒಟ್ಟುಗೂಡುವುದು. ಬ್ಯಾಂಕಿನಲ್ಲಿ ಹಣ ಜಮಾ ಆಗುತ್ತದೆ, ಬೀದಿಯಲ್ಲಿ ಜನ ಜಮಾಯಿಸುತ್ತಾರೆ. ಜನ ಸೇರಿ ಪ್ರಾರ್ಥಿಸುವ ಶುಕ್ರವಾರ ಜುಮಾ, ವಿಶ್ವವಿದ್ಯಾಲಯ ಜಾಮಿಆ. ಐನ್-ಲ್-ಕ್ ಎಂದರೆ ತೂಗುಹಾಕು, ಅಂಟಿಕೊಂಡಿರು. ಒಂದು ಕೇಂದ್ರಕ್ಕೆ ಅಂಟಿಕೊಂಡ ಪ್ರದೇಶ ತಾಲ್ಲೂಕು, ಸರ್ಕಾರಕ್ಕೆ ಅಂಟಿಕೊಂಡ ವಿಭಾಗ ಇಲಾಖೆ. ಎರಡೂ ಒಂದೇ ಬಳ್ಳಿಯ ಕಾಯಿ. ಅರಬ್ಬಿಯಲ್ಲಿ ಇಲಾಕಾ ಎಂದರೆ ಇಂದಿಗೂ 'ಸಂಬಂಧ'.

ಇಲ್ಲಿ ಹೊಸಬರು ಎಡವುವುದು ನಿಘಂಟು ತೆರೆದಾಗ. ಮಕ್ತಬ್ ಪದವನ್ನು 'ಮ' ಅಕ್ಷರದಡಿ ಹುಡುಕಿ, ಸಿಗಲಿಲ್ಲ ಅಂತ ಕೈಬಿಡುತ್ತಾರೆ. ಮೊದಲಿಗೆ ಬರುವ 'ಮ' ಬಹಳ ಸಲ ಬರೀ ಉಪಸರ್ಗ. ಅದು ಜಾಗವನ್ನೋ, ಮಾಡಲ್ಪಟ್ಟ ವಸ್ತುವನ್ನೋ ಸೂಚಿಸುತ್ತದೆ. ಅದನ್ನು ತೆಗೆದು, ಉಳಿದ ಮೂರು ಅಕ್ಷರಗಳಲ್ಲಿ ಹುಡುಕಿ.

ಹಂತ 2: 'ಜ' ಇದ್ದಲ್ಲಿ 'ದ' ಇಟ್ಟು ನೋಡಿ

ಈ ಲೇಖನದಲ್ಲಿ ಒಂದೇ ಉಪಾಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅರಬ್ಬಿಯಲ್ಲಿ 'ದಾದ್' ಎಂಬ ದಪ್ಪ ದಕಾರವಿದೆ. ಅರಬ್ಬರಿಗೆ ಅದರ ಮೇಲೆ ಎಷ್ಟು ಅಭಿಮಾನವೆಂದರೆ ತಮ್ಮ ಭಾಷೆಯನ್ನೇ 'ಲುಗತ್ ಅದ್-ದಾದ್', ಅಂದರೆ ದಾದ್ ಅಕ್ಷರದ ಭಾಷೆ ಎನ್ನುತ್ತಾರೆ. ಫಾರ್ಸಿ ಮಾತಾಡುವವರ ಬಾಯಿಗೆ ಆ ಧ್ವನಿ ಒಗ್ಗಲಿಲ್ಲ, ಅವರು ಅದನ್ನು ಸೀಟಿಯಂಥ 'ಜ಼' ಮಾಡಿದರು. ನಮ್ಮಲ್ಲಿಗೆ ಬಂದಾಗ ಅದು ಸಾದಾ 'ಜ' ಆಯಿತು.

ಈ ಪದಗಳೆಲ್ಲ ನಮಗೆ ಬಹುಪಾಲು ಅರಬ್ಬರ ಬಾಯಿಂದ ಬಂದದ್ದಲ್ಲ. 1347ರಲ್ಲಿ ಸ್ಥಾಪನೆಯಾಗಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರು, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು, ಕೊನೆಗೆ ಹೈದರ್, ಟಿಪ್ಪು, ನಿಜಾಮರ ದಫ್ತರಗಳು, ಹೀಗೆ ಫಾರ್ಸಿ ಬರವಣಿಗೆಯ ಮೂಲಕ ಇಳಿದು ಬಂದವು. ಆದ್ದರಿಂದಲೇ ಅರಬ್ಬರ ರಮದಾನ್ ನಮಗೆ ರಂಜಾನ್, ಅವರ ಕಾದೀ ನಮಗೆ ಕಾಜಿ.

ಈಗ ಕೆಲವನ್ನು ಹಿಂದಕ್ಕೆ ತಿರುಗಿಸೋಣ. ಹಾಜರು ಎಂದರೆ ಹಾದಿರ್. ಇದನ್ನು ಅರಬ್ ದೇಶಗಳ ಹೋಟೆಲಿನಲ್ಲಿ, ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೀರಿ. ಏನಾದರೂ ಹೇಳಿದರೆ "ಹಾದಿರ್" ಎನ್ನುತ್ತಾರೆ, 'ಆಯ್ತು, ಈಗಲೇ ಮಾಡ್ತೀನಿ' ಅಂತ. ಹತ್ತು ಜನರ ಎದುರು ಬರೆಯುವ ಮಹಜರು ಇದೇ ಧಾತುವಿನದು. ಜಾಮೀನು ಎಂಬುದು ಹೊಣೆಗಾರ ಎಂಬರ್ಥದ ದಾಮಿನ್ ಪದದ ಮನೆತನ. ಜಿಲ್ಲೆಯ ಮೂಲ ದಿಲ್ಅ್, ಅಂದರೆ ಪಕ್ಕೆಲುಬು, ಬದಿ. ಶಾಲೆಯಲ್ಲಿ ತ್ರಿಕೋನದ ಬಾಹುವಿಗೂ ಅರಬ್ ಮಕ್ಕಳು ದಿಲ್ಅ್ ಎನ್ನುತ್ತಾರೆ. ದೇಶದ ಒಂದು ಪಕ್ಕೆಯೇ ಜಿಲ್ಲೆ.

ನನಗೆ ಬಹಳ ಇಷ್ಟವಾದದ್ದು ರಜೆ. ರಿದಾ ಎಂದರೆ ಒಪ್ಪಿಗೆ, ಸಮಾಧಾನ. ಮೇಲಿನವರ ಒಪ್ಪಿಗೆ ಪಡೆದು ಹೋಗುವುದು ರಜೆ, ಜಗಳವಾಡಿದ ಇಬ್ಬರೂ ಒಪ್ಪಿದರೆ ರಾಜಿ. ರಾಜೀನಾಮೆಯೂ ಮೂಲದಲ್ಲಿ ಒಪ್ಪಿಗೆಯ ಪತ್ರವೇ. ಹಾಗಂತ ಅಲ್ಲಿನ ಮ್ಯಾನೇಜರ್ ಹತ್ತಿರ ಹೋಗಿ 'ರಿದಾ ಬೇಕು' ಅನ್ನಬೇಡಿ. ರಜೆಗೆ ಅವರ ಪದ ಇಜಾಜ಼ಾ. ತಮಾಷೆಯೆಂದರೆ ಅದರ ಅರ್ಥವೂ ಅನುಮತಿಯೇ.

ಸೂಪರ್‌ಮಾರ್ಕೆಟ್ಟಿನಲ್ಲಿ ಇದನ್ನು ಪರೀಕ್ಷಿಸಬಹುದು. ಕೆಂಪು ಚೀಟಿಯ ಮೇಲೆ 'ಅರ್ದ್ ಖಾಸ್' ಎಂದಿರುತ್ತದೆ, ವಿಶೇಷ ಆಫರ್ ಅಂತ. ಅರ್ದ್ ಎಂದರೆ ಮುಂದಿಡುವುದು, ತೋರಿಸುವುದು. ಅಧಿಕಾರಿಯ ಮುಂದಿಟ್ಟರೆ ಅರ್ಜಿ, ಗಿರಾಕಿಯ ಮುಂದಿಟ್ಟರೆ ಆಫರ್. ಖಾಸ್ ನಮ್ಮ ಖಾಸಗಿಯೊಳಗೆ ಕೂತಿದೆ.

ಎರಡು ಎಚ್ಚರಿಕೆ. ಒಂದು, ಎಲ್ಲ ಜಕಾರದ ಹಿಂದೆಯೂ ದಾದ್ ಇರುವುದಿಲ್ಲ. ಜಮಾ ಪದದ್ದು ಅರಬ್ಬಿಯಲ್ಲೂ ಜಕಾರವೇ. ಎರಡು, ಕೊಲ್ಲಿ ಸೀಮೆಯ ಆಡುಮಾತಿನಲ್ಲಿ ದಾದ್ ಧ್ವನಿಯನ್ನು ನಾಲಿಗೆಯ ತುದಿ ಹಲ್ಲುಗಳ ನಡುವೆ ತಂದು ಹೇಳುತ್ತಾರೆ. ನಿಮ್ಮ ಕಿವಿಗೆ ಅದು 'ದ' ಮತ್ತು 'ಜ' ನಡುವೆ ಎಲ್ಲೋ ಕೇಳಿಸಿದರೆ ತಪ್ಪು ನಿಮ್ಮದಲ್ಲ.

ಹಂತ 3: ಫಾರ್ಸಿಯ ಬಾಲ ಕತ್ತರಿಸಿ

ತಹಶೀಲ್ದಾರ್ ಪದದಲ್ಲಿ ತಹ್ಸೀಲ್ (ವಸೂಲು ಮಾಡುವುದು) ಮಾತ್ರ ಅರಬ್ಬಿ, 'ದಾರ್' ಫಾರ್ಸಿ. ಹವಾಲ್ದಾರ, ಜಮಾಬಂದಿ, ರಾಜೀನಾಮೆ, ಎಲ್ಲವೂ ಇಂಥ ಬೆರಕೆಗಳೇ. ದಾರ್, ಬಂದಿ, ನಾಮೆ, ಗಾರ್ ಬಾಲ ಕಂಡರೆ ಕತ್ತರಿಸಿ ಉಳಿದದ್ದನ್ನು ನೋಡಿ. ಅರಬ್ಬಿಯಲ್ಲಿ ಪಕಾರವಿಲ್ಲ, ಶಿಷ್ಟ ಭಾಷೆಯಲ್ಲಿ ಚಕಾರವೂ ಇಲ್ಲ. ಪದದಲ್ಲಿ ಅವು ಇದ್ದರೆ ಮೂಲ ಬೇರೆ ಕಡೆ ಹುಡುಕಿ. ಪಾರ್ಕಿಂಗ್ ಅನ್ನುವುದನ್ನು ಅವರು 'ಬಾರ್ಕಿಂಗ್' ಅನ್ನುವುದೂ ಇದಕ್ಕೇ.

ಧ್ವನಿ ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವುದು ಇಲ್ಲಿನ ದೊಡ್ಡ ಹೊಂಡ. ಜಾಮೀನು ಅರಬ್ಬಿ, ಜಮೀನು ಫಾರ್ಸಿ. ಅರಬ್ಬಿಯ ವಕ್ತ್ (ಸಮಯ) ಕೇಳಿದವರು ನಮ್ಮ 'ಹೊತ್ತು' ಅಲ್ಲಿಂದಲೇ ಬಂತು ಎಂದು ವಾದಿಸುವುದುಂಟು. ಬಂದಿಲ್ಲ. ಹಳಗನ್ನಡದ ಪೊೞ್ತು ಹೊತ್ತಾಯಿತು. ತಮಿಳಿನ ಪೊಳುದು ಅದರ ಒಡಹುಟ್ಟು.

ಹಂತ 4: ಕುಶಲದ ಮಾತುಗಳನ್ನು ಜೋಡಿಯಾಗಿ ಕಲಿಯಿರಿ

ಅರಬ್ಬಿಯಲ್ಲಿ ಪ್ರತಿ ಶುಭಾಶಯಕ್ಕೂ ಗೊತ್ತಾದ ಮರುಮಾತಿದೆ. ಒಂದನ್ನು ಮಾತ್ರ ಕಲಿತರೆ ಅರ್ಧ ದಾರಿಯಲ್ಲಿ ನಿಂತಂತೆ.

"ಅಸ್ಸಲಾಮು ಅಲೈಕುಂ" ಎಂದರೆ 'ನಿಮ್ಮ ಮೇಲೆ ಶಾಂತಿ ಇರಲಿ'. ಮರುಮಾತು "ವ ಅಲೈಕುಮುಸ್ಸಲಾಂ". ಇದು ಅಲ್-ಸಲಾಂ ಅಲ್ಲವೇ, ಲಕಾರ ಎಲ್ಲಿ ಹೋಯಿತು ಎಂದು ಕೇಳುವವರಿದ್ದಾರೆ. ಸತ್ ಮತ್ತು ಜನ ಸೇರಿ ಸಜ್ಜನ ಆಗುವುದಿಲ್ಲವೇ, ಇದೂ ಹಾಗೆಯೇ. ಅರಬ್ಬಿಯ 28 ಅಕ್ಷರಗಳಲ್ಲಿ 14 ಅಕ್ಷರಗಳ ಮುಂದೆ 'ಅಲ್' ಬಂದರೆ ಅದರ ಲಕಾರ ಮುಂದಿನ ಅಕ್ಷರವಾಗಿ ಬದಲಾಗುತ್ತದೆ.

"ಸಬಾಹುಲ್ ಖೈರ್" ಎಂದರೆ ಒಳಿತಿನ ಬೆಳಗು. ಅದಕ್ಕೆ ಅದನ್ನೇ ತಿರುಗಿ ಹೇಳುವುದಕ್ಕಿಂತ "ಸಬಾಹುನ್ನೂರ್", ಬೆಳಕಿನ ಬೆಳಗು, ಎನ್ನುವುದು ವಾಡಿಕೆ. "ಮರ್ಹಬಾ" ಪದದ ಧಾತುವಿನಲ್ಲಿ ವಿಶಾಲ ಎಂಬ ಅರ್ಥವಿದೆ, ಇಲ್ಲಿ ನಿಮಗೆ ಬೇಕಾದಷ್ಟು ಜಾಗವಿದೆ ಬನ್ನಿ ಎಂಬ ಭಾವ. "ಅಹ್ಲನ್ ವ ಸಹ್ಲನ್" ಅದಕ್ಕಿಂತ ಸೊಗಸು. ಅಹ್ಲ್ ಎಂದರೆ ಮನೆಯವರು, ಸಹ್ಲ್ ಎಂದರೆ ಸಮತಟ್ಟಾದ ನೆಲ. ನಿಮ್ಮವರ ನಡುವೆಯೇ ಬಂದಿದ್ದೀರಿ, ಕಾಲಿಗೆ ಕಲ್ಲು ಚುಚ್ಚದ ನೆಲ ತುಳಿದಿದ್ದೀರಿ. ಮರಳುಗಾಡಿನಲ್ಲಿ ಒಂಟೆಯ ಮೇಲೆ ಬಂದವನಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಬೇಕೆ?

ಹೇಗಿದ್ದೀರಿ ಎನ್ನಲು "ಕೇಫ್ ಹಾಲಕ್?" ಕೊಲ್ಲಿಯಲ್ಲಿ ಇನ್ನೂ ಹೆಚ್ಚಾಗಿ "ಶ್ಲೋನಕ್?" ಎರಡನೆಯದರ ಅಕ್ಷರಾರ್ಥ 'ನಿನ್ನ ಬಣ್ಣ ಹೇಗಿದೆ?' ಮುಖದ ಬಣ್ಣ ನೋಡಿ ಆರೋಗ್ಯ ಅಳೆಯುವ ಮಾತು. ಹಾಲ್ ಎಂದರೆ ಸ್ಥಿತಿ, ಅದರ ಬಹುವಚನ ಅಹ್ವಾಲ್. ನಮ್ಮ ಸಚಿವರು ಜನರಿಂದ ಸ್ವೀಕರಿಸುವ ಅಹವಾಲು ಇದೇ. ಗಂಡಸಿಗೆ ಹಾಲಕ್, ಹೆಂಗಸಿಗೆ ಹಾಲಿಕ್. ಗಂಡಸಿಗೆ ತಫದ್ದಲ್ (ದಯಮಾಡಿ, ತಗೊಳ್ಳಿ, ಒಳಗೆ ಬನ್ನಿ), ಹೆಂಗಸಿಗೆ ತಫದ್ದಲಿ. ಕನ್ನಡದಲ್ಲಿ ಎದುರಿಗಿರುವವರ ಲಿಂಗ ನೋಡಿ 'ನೀವು' ಬದಲಾಗುವುದಿಲ್ಲ. ಆದ್ದರಿಂದ ಈ ತಪ್ಪು ನಮ್ಮಿಂದ ಆಗೇ ಆಗುತ್ತದೆ.

"ಶುಕ್ರನ್" ಧನ್ಯವಾದ, ಅದಕ್ಕೆ ಮರುಮಾತು "ಅಫ್ವನ್". ಇದರ ಧಾತು ಅಳಿಸುವುದು, ಮನ್ನಿಸುವುದು. ಸಾಲ ಮಾಫಿಯ 'ಮಾಫಿ'ಗೂ ಇದೇ ಬೇರು.

ಹಂತ 5: ದೇವರ ಹೆಸರಿರುವ ಮಾತುಗಳು

ಇವು ಮುಸ್ಲಿಮರದ್ದು ಮಾತ್ರ ಎಂಬ ಅಭಿಪ್ರಾಯ ನಮ್ಮಲ್ಲಿದೆ. ಲೆಬನಾನಿನ, ಈಜಿಪ್ಟಿನ ಅರಬ್ ಕ್ರೈಸ್ತರೂ ಇನ್‌ಶಾ ಅಲ್ಲಾ, ಅಲ್‌ಹಮ್ದುಲಿಲ್ಲಾ ಎನ್ನುತ್ತಾರೆ. ಅರಬ್ಬಿ ಬೈಬಲಿನಲ್ಲೂ ದೇವರಿಗೆ ಅಲ್ಲಾಹ್ ಎಂದೇ ಹೆಸರು. ನೀವು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಹೇಳಲೇಬೇಕೆಂದೂ ಇಲ್ಲ.

ಇನ್ ಶಾ ಅಲ್ಲಾಹ್: ಇನ್ ಎಂದರೆ '-ದರೆ', ಶಾ ಎಂದರೆ ಇಚ್ಛಿಸು. ದೇವರು ಇಚ್ಛಿಸಿದರೆ. ದೇವರು ಬಯಸಿದರೆ ಎನ್ನದೆ 'ಇದನ್ನು ನಾಳೆ ಮಾಡುತ್ತೇನೆ' ಎಂದು ಹೇಳಬೇಡ ಎಂಬ ಮಾತು ಕುರಾನಿನ 18ನೇ ಅಧ್ಯಾಯದಲ್ಲಿದೆ. ಆದ್ದರಿಂದ ಭವಿಷ್ಯದ ಯಾವ ಮಾತಿಗೂ ಇದು ಸೇರಿಕೊಳ್ಳುತ್ತದೆ. ತೊಂದರೆ ಅರ್ಥದಲ್ಲಿಲ್ಲ, ಧಾಟಿಯಲ್ಲಿದೆ. ಕಣ್ಣಿಗೆ ಕಣ್ಣಿಟ್ಟು, ದಿನಾಂಕ ಹೇಳಿ, ಇನ್‌ಶಾ ಅಲ್ಲಾ ಅಂದರೆ ಕೆಲಸ ಆಗುತ್ತದೆ. ಎಲ್ಲೋ ನೋಡುತ್ತಾ, ಉದ್ದಕ್ಕೆ ಎಳೆದು ಅಂದರೆ ಅದು ನಮ್ಮ ಕಚೇರಿಗಳ 'ನೋಡೋಣ'. ಕೋಪ ಮಾಡಿಕೊಳ್ಳದೆ "ಯಾವ ದಿನ, ಎಷ್ಟು ಗಂಟೆಗೆ?" ಎಂದು ಕೇಳಿ.

ಮಾ ಶಾ ಅಲ್ಲಾಹ್: ದೇವರು ಬಯಸಿದ್ದು. ಇದು ಆಗಿರುವುದಕ್ಕೆ, ಮೆಚ್ಚುಗೆಗೆ. ಯಾರದ್ದಾದರೂ ಮಗುವನ್ನೋ ಹೊಸ ಕಾರನ್ನೋ ಹೊಗಳುವಾಗ ಇದನ್ನು ಸೇರಿಸದಿದ್ದರೆ ಎದುರಿನವರಿಗೆ ಕಸಿವಿಸಿ. ದೃಷ್ಟಿ ತಾಗುತ್ತದೆಂದು ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್‌ಹಮ್ದುಲಿಲ್ಲಾ (ಸ್ತುತಿಯೆಲ್ಲ ದೇವರಿಗೆ): ಹೇಗಿದ್ದೀರಿ ಎಂಬುದಕ್ಕೆ ಉತ್ತರ. ಊಟ ಸಾಕು ಎನ್ನುವುದಕ್ಕೂ ಆಗುತ್ತದೆ. ಯಲ್ಲಾ ಎಂದರೆ 'ಯಾ ಅಲ್ಲಾಹ್' ಸವೆದು ಉಳಿದದ್ದು. ಈಗ ಅದರಲ್ಲಿ ಪ್ರಾರ್ಥನೆ ಉಳಿದಿಲ್ಲ, 'ನಡೀರಿ, ಬೇಗ' ಅಷ್ಟೇ. ಗೆಳೆಯರಿಗೆ ಸರಿ, ಪೊಲೀಸರಿಗೂ ಹಿರಿಯರಿಗೂ ಬೇಡ.

ಹಂತ 6: ಅಂಗಡಿ, ಬ್ಯಾಂಕು, ಕೆಲಸದ ಜಾಗ

ಊಟ ಮುಗಿಸಿ ಬಿಲ್ ಕೇಳಲು "ಅಲ್-ಹಿಸಾಬ್". ಚಿಲ್ಲರೆ ಉಳಿದರೆ ಅದು "ಬಾಕೀ". ಎರಡನ್ನೂ ಕಲಿಯಬೇಕಾದ್ದೇ ಇಲ್ಲ. ಎಟಿಎಂ ಮೇಲೆ 'ಸರ್ರಾಫ್ ಆಲೀ' ಎಂದಿರುತ್ತದೆ, ಯಂತ್ರದ ಸರಾಫ ಅಂತ! ಸರ್ರಾಫ್ ಎಂದರೆ ಹಣ ಬದಲಾಯಿಸಿ ಕೊಡುವವನು, ನಮ್ಮಲ್ಲಿ ಚಿನ್ನದಂಗಡಿಗೆ ಸರಿದ. ಹಳೇ ಕಾರು ಮಾರುವ ಜಾಗಕ್ಕೆ ಸೌದಿಯಲ್ಲಿ ಹರಾಜ್ ಎಂದೇ ಹೆಸರು. ಖಾಲಿ ನಿವೇಶನದ 'ಖಾಲಿ' ಅರೇಬಿಯಾದ ದೊಡ್ಡ ಮರಳುಗಾಡಿನ ಹೆಸರಿನಲ್ಲಿದೆ: ಅರ್-ರುಬ್ಅ್ ಅಲ್-ಖಾಲೀ, ಖಾಲಿ ಕಾಲುಭಾಗ.

ಹಣಕ್ಕೆ ಫುಲೂಸ್. ಅದು ಫಲ್ಸ್ ಎಂಬ ಚಿಲ್ಲರೆ ನಾಣ್ಯದ ಬಹುವಚನ, ಬೈಜಾಂಟಿಯಂನ ಫೋಲಿಸ್ ನಾಣ್ಯದಿಂದ ಬಂದದ್ದು. ದಿರ್ಹಂ ಗ್ರೀಕರ ದ್ರಾಖ್ಮ, ದಿನಾರ್ ರೋಮನ್ನರ ದೆನಾರಿಯಸ್, ರಿಯಾಲ್ ಸ್ಪೇನಿನ ರಿಯಲ್. ಅರಬ್ ನಾಣ್ಯಗಳ ಹೆಸರಿನಲ್ಲಿ ಅರಬ್ಬಿಯದ್ದು ಕಡಿಮೆಯೇ. ನಮ್ಮ ರೂಪಾಯಿಯೂ ಅಲ್ಲಿ ಓಡಾಡಿದೆ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ರೂಪಾಯಿ ನೋಟು ಅಚ್ಚುಹಾಕಿತ್ತು, ಕುವೈತ್ 1961ರಲ್ಲಿ ದಿನಾರಿಗೆ ಬದಲಾಯಿತು.

"ಮಾ ಫೀ" ಎಂದರೆ 'ಇಲ್ಲ'. ಫುಲೂಸ್ ಮಾಫಿ ಅಂದರೆ ದುಡ್ಡಿಲ್ಲ ಅಂತ, ಸಾಲ ಮನ್ನಾ ಅಂತಲ್ಲ. ಖಲಾಸ್ ಎಂದರೆ ಮುಗಿಯಿತು, ಸಾಕು. ಕಫೀಲ್ ಎಂದರೆ ಹೊಣೆ ಹೊತ್ತವನು, ನಿಮ್ಮ ವೀಸಾದ ಜವಾಬ್ದಾರ. ಇಕಾಮಾ ನಿವಾಸದ ಪರವಾನಗಿ. ಅದರ ಧಾತುವಿನಲ್ಲಿ ನಿಲ್ಲುವುದು ಎಂಬ ಅರ್ಥವಿದೆ. ವಾಸ್ತಾ ಎಂದರೆ ನಡುವಿನವನು, ನಾವು ವಶೀಲಿ ಎನ್ನುವುದು ಅಲ್ಲಿ ವಾಸ್ತಾ. ನಮ್ಮ ವಶೀಲಿಯೂ ಅರಬ್ಬಿಯದೇ. ವಸೀಲಾ ಎಂದರೆ ಸಾಧನ, ಉಪಾಯ. ಹಬೀಬಿ (ನನ್ನ ಪ್ರಿಯ) ಗಂಡಸರ ನಡುವೆ ಸಲೀಸಾಗಿ ಓಡಾಡುವ ಮಾತು. ಪರಿಚಯವಿಲ್ಲದ ಹೆಂಗಸಿಗೆ ಹಬೀಬ್ತಿ ಅಂದು ಪೇಚಿಗೆ ಸಿಕ್ಕಬೇಡಿ.

ಅಂಕಿ ಓದುವಾಗ ಇನ್ನೊಂದು ಎಚ್ಚರ. ಅಲ್ಲಿನ 5 ನಮ್ಮ ಸೊನ್ನೆಯಂತೆ ಕಾಣುತ್ತದೆ, 6 ಇಂಗ್ಲಿಷಿನ ಏಳರಂತೆ. ಸೊನ್ನೆ ಬರೀ ಚುಕ್ಕೆ. ಆ ಅಂಕಿಗಳನ್ನು ಅರಬ್ಬರು 'ಹಿಂದೀ ಅಂಕಿ' ಎನ್ನುತ್ತಾರೆ. ನಮ್ಮದೇ ಅಂತ ಧೈರ್ಯ ಮಾಡಿ ಬೆಲೆ ತಪ್ಪು ಓದಬೇಡಿ.

ಹಂತ 7: ಮುಖ ಅದೇ, ಅರ್ಥ ಬೇರೆ

ನೋಟ್‌ಬುಕ್ಕಿನಲ್ಲಿ ಇವಕ್ಕೆ ಬೇರೆ ಪುಟವಿಡಿ. ಮಹಲ್ ಎಂದರೆ ಅಲ್ಲಿ ಅರಮನೆಯಲ್ಲ, ಅಂಗಡಿ. ಗರೀಬ್ ಬಡವನಲ್ಲ, ಪರಕೀಯ, ವಿಚಿತ್ರ; ಬಡವನಿಗೆ ಫಕೀರ್. ತಕ್ರಾರ್ ಎಂದರೆ ಬರೀ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತಾ ಹೋದರೆ ಜಗಳವಾಗುತ್ತದೆಂದು ಕಂಡುಕೊಂಡವರು ನಾವು. ಶರಾಬ್ ಎಂದರೆ ಕುಡಿಯುವಂಥದ್ದು, ಶರಬತ್ತು, ಸಿರಪ್ಪು. ತರಬೇತಿಯ ಮೂಲ ತರ್ಬಿಯಾ ಎಂದರೆ ಮಕ್ಕಳನ್ನು ಬೆಳೆಸುವುದು. ಸಾಹೇಬರ ಮೂಲ ಸಾಹಿಬ್ ಎಂದರೆ ಒಡೆಯ, ಜೊತೆಗಾರ ಎರಡೂ ಹೌದು. ರೈತನ ಮೂಲ ರಇಯ್ಯಾ, ಕಾಯಬೇಕಾದ ಮಂದೆ, ಆಮೇಲೆ ಪ್ರಜೆ.

ಇವುಗಳಲ್ಲಿ ಜನ ಹೆದರುವುದು ಹವಾಲಾಕ್ಕೆ. ನಮ್ಮ ಪತ್ರಿಕೆಗಳಲ್ಲಿ ಹವಾಲಾ ಅಂದರೆ ಕಳ್ಳ ಹಣ. ಅರಬ್ಬಿಯಲ್ಲಿ ಹಣ ವರ್ಗಾವಣೆಗೆಲ್ಲ ಅದೇ ಪದ. ಬ್ಯಾಂಕಿನ ಗುಮಾಸ್ತ 'ಹವಾಲಾ?' ಎಂದು ಕೇಳಿದರೆ ಊರಿಗೆ ದುಡ್ಡು ಕಳಿಸಬೇಕಾ ಅಂತ ಕೇಳುತ್ತಿದ್ದಾನೆ, ಅಷ್ಟೇ. ರಸೀದಿ ಇಸಿದುಕೊಳ್ಳಿ.

ಉಚ್ಚಾರದ ಹೊಂಡವೂ ಒಂದಿದೆ. ಕಲ್ಬ್ ಎಂದು ನಮ್ಮ ಕಕಾರದಲ್ಲಿ ಹೇಳಿದರೆ ನಾಯಿ. ಗಂಟಲಿನಾಳದಿಂದ ಹೇಳಿದರೆ ಹೃದಯ. 'ನನ್ನ ಹೃದಯವೇ' ಎನ್ನಲು ಹೋಗಿ 'ನನ್ನ ನಾಯಿಯೇ' ಆದೀತು. ಕೊಲ್ಲಿಯವರು ಹೃದಯಕ್ಕೆ 'ಗಲ್ಬ್' ಎನ್ನುತ್ತಾರೆ. ನೀವೂ ಹಾಗೇ ಅನ್ನಿ, ಅಪಾಯವಿಲ್ಲ.

ಹಂತ 8: ಯಾವ ಊರಿನ ಅರಬ್ಬಿ ಎಂದು ಕೇಳಿ

ಪುಸ್ತಕ, ಸುದ್ದಿ, ಫಲಕಗಳಲ್ಲಿರುವುದು ಫುಸ್ಹಾ, ಶಿಷ್ಟ ಅರಬ್ಬಿ. ಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. 'ಈಗ' ಎನ್ನಲು ಪುಸ್ತಕದಲ್ಲಿ ಅಲ್-ಆನ್, ಕೊಲ್ಲಿಯಲ್ಲಿ ಅಲ್-ಹೀನ್, ಈಜಿಪ್ಟಿನಲ್ಲಿ ದಿಲ್ವಾತಿ, ಲೆಬನಾನ್ ಸಿರಿಯಾ ಕಡೆ ಹಲ್ಲಾ. ಹೊಸ ಪದ ಬರೆದುಕೊಳ್ಳುವಾಗ ಹೇಳಿದವರು ಯಾವ ದೇಶದವರು ಎಂದೂ ಪಕ್ಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಸಿನಿಮಾ ನೋಡಿ ಕಲಿತ ಈಜಿಪ್ಟಿನ ಮಾತನ್ನು ಮಸ್ಕತ್ತಿನಲ್ಲಿ ಆಡಿ ನಗೆಗೀಡಾಗುತ್ತೀರಿ.

ಕೊಲ್ಲಿಯ ಆಡುಮಾತಿಗೆ ಕಿವಿಗೊಟ್ಟರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಪದಗಳು ಅಲ್ಲಿಂದ ಇಲ್ಲಿಗೆ ಮಾತ್ರ ಬಂದದ್ದಲ್ಲ. ಹುಣಸೆಹಣ್ಣಿಗೆ ಅವರು 'ತಮ್ರ್ ಹಿಂದೀ', ಹಿಂದೂಸ್ತಾನದ ಖರ್ಜೂರ, ಎಂದರು. ನಮ್ಮ ಸಕ್ಕರೆಗೂ ಅವರ ಸುಕ್ಕರ್‌ಗೂ ಸಂಸ್ಕೃತದ ಶರ್ಕರವೇ ಅಜ್ಜಿ. ಬಹ್ರೈನಿನವರು ಆಲೂಗಡ್ಡೆಗೆ ಆಲೂ ಎನ್ನುತ್ತಾರೆ. ಟ್ಯಾಕ್ಸಿ ಹತ್ತಿ ನೇರ ಹೋಗಿ ಎನ್ನಬೇಕಾದರೆ ನಿಘಂಟು ತೆಗೆಯಬೇಡಿ. "ಸೀದಾ" ಅಂದರೆ ಸಾಕು, ಅವರೂ ಅದನ್ನೇ ಹೇಳುತ್ತಾರೆ.